ನೆವರ್ ಅಲೋನ್: ಹಿಮಗಾಳಿಯ ಊರಿನವರು ತಾವೇ ಹೇಳಿದ ಕಥೆ

ಮೊದಲೇ ಹೇಳಿಬಿಡುತ್ತೇನೆ. ‘ನೆವರ್ ಅಲೋನ್’ ಆಡಲು ಅಷ್ಟೇನೂ ನಯವಾದ ವಿಡಿಯೋ ಗೇಮ್ ಅಲ್ಲ. ಜಿಗಿತ ಕೆಲವೊಮ್ಮೆ ತಪ್ಪುತ್ತದೆ. ಜೊತೆಗಿರುವ ನರಿ ಕಾರಣವೇ ಇಲ್ಲದೆ ಹಳ್ಳಕ್ಕೆ ಬೀಳುತ್ತದೆ. ಇನ್ನೂ ಬೇಕು ಅನ್ನುವಷ್ಟರಲ್ಲಿ ಆಟ ಮುಗಿದೇ ಹೋಗುತ್ತದೆ. ಆದರೂ ಗೊತ್ತಿರುವವರಿಗೆಲ್ಲ ‘ಇದನ್ನು ಒಂದು ಸಲ ಆಡಿ’ ಅಂತ ಹಿಂದೆ ಬಿದ್ದು ಹೇಳುತ್ತಿರುವ ಗೇಮ್ ಇದೊಂದೇ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನಾನು ನಂಜನಗೂಡಿನಲ್ಲಿ ಶಾಲೆಯ ಟೀಚರ್. ಪಾಠ ಮಾಡುವುದು ಐದರಿಂದ ಏಳನೇ ಕ್ಲಾಸಿನವರಿಗೆ. ಮಕ್ಕಳು ಬಿಡುವಿನಲ್ಲಿ ಏನು ಮಾತಾಡುತ್ತಾರೆ ಅಂತ ಕಿವಿಗೊಟ್ಟು ಕೇಳುವ ಅಭ್ಯಾಸ ನನಗೆ ಮೊದಲಿಂದಲೂ ಇದೆ. ಈಗ ಅವರ ಮಾತಿನಲ್ಲಿ ಸಿನಿಮಾದಷ್ಟೇ ಜಾಗ ಗೇಮ್‌ಗಳಿಗೂ ಇದೆ. ಯಾವ ಗನ್ ಒಳ್ಳೆಯದು, ಯಾರ ಹತ್ತಿರ ಯಾವ ಸ್ಕಿನ್ (ಆಟದ ಪಾತ್ರಕ್ಕೆ ಹಾಕುವ ವೇಷ) ಇದೆ, ಯಾವ ಯೂಟ್ಯೂಬರ್ ನಿನ್ನೆ ಏನು ಆಡಿದ. ಮನೆಯವರ ಕಡೆಯಿಂದ ಬರುವ ಮಾತು ಒಂದೇ ಥರ: ಫೋನ್ ಕಿತ್ತುಕೊಳ್ಳಿ ಟೀಚರ್, ಬುದ್ಧಿ ಹೇಳಿ ಟೀಚರ್. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಅನ್ನು ಸರ್ಕಾರ ನಿಷೇಧಿಸಿದಾಗ ಎಷ್ಟೋ ತಂದೆ ತಾಯಿ ಸಮಾಧಾನದ ಉಸಿರು ಬಿಟ್ಟಿದ್ದನ್ನು ನೋಡಿದ್ದೇನೆ. ಅವರ ಆತಂಕ ಸುಳ್ಳಲ್ಲ. ಆದರೆ ಗೇಮ್ ಅಂದರೆ ಅಷ್ಟೇ ಅಂತ ತೀರ್ಮಾನ ಮಾಡಿಬಿಟ್ಟರೆ, ನಮ್ಮ ಮಕ್ಕಳು ದಿನಾ ಮುಳುಗಿರುವ ಒಂದು ಕಲೆಯ ಬಗ್ಗೆ ಅವರ ಜೊತೆ ಮಾತಾಡಲು ನಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ಒಳ್ಳೆಯ ಪುಸ್ತಕ ಯಾವುದು ಅಂತ ಹೇಳಿಕೊಡುವ ಹಾಗೆ ಒಳ್ಳೆಯ ಗೇಮ್ ಯಾವುದು ಅಂತಲೂ ಹೇಳಿಕೊಡಬೇಕು ಅನ್ನುವುದು ನನ್ನ ನಂಬಿಕೆ. ಅದಕ್ಕೇ ಈ ವಿಮರ್ಶೆ.

ಈ ಗೇಮ್ ಬಂದದ್ದು 2014ರ ನವೆಂಬರ್‌ನಲ್ಲಿ. ಹಳೆಯದು, ನಿಜ. ಹಳೆಯದಾದದ್ದರಿಂದಲೇ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ನನ್ನ ತಂಗಿಯ ಮಗ ರಜೆಗೆ ಬಂದಾಗ ತನ್ನ ಲ್ಯಾಪ್‌ಟಾಪನ್ನು ನಮ್ಮ ಟಿವಿಗೆ ಜೋಡಿಸಿ, ಎರಡು ಕಂಟ್ರೋಲರ್ ಸಿಕ್ಕಿಸಿ, ಒಂದನ್ನು ನನ್ನ ಕೈಗೆ ಕೊಟ್ಟ. ಅವನಿಗೆ ನರಿ, ನನಗೆ ಹುಡುಗಿ. ಅವ್ವ ಮಂಚದ ಮೇಲೆ ಕೂತು ನೋಡುತ್ತಿದ್ದಳು.

ಕಥೆ ಅಲಾಸ್ಕಾದ ಉತ್ತರದ್ದು, ಅಲ್ಲಿ ತಲೆತಲಾಂತರದಿಂದ ಬದುಕುತ್ತಿರುವ ಇನುಪಿಯಾಟ್ ಜನರದ್ದು. ನೂನಾ ಅನ್ನುವ ಹುಡುಗಿಯ ಊರಿನ ಮೇಲೆ ಹಿಮಗಾಳಿ ಬಿಡದೆ ಬೀಸುತ್ತಿದೆ. ಬೇಟೆಗೆ ಹೋಗುವ ಹಾಗಿಲ್ಲ. ಬೇಟೆ ಇಲ್ಲ ಅಂದರೆ ಅಲ್ಲಿ ಊಟ ಇಲ್ಲ. ಗಾಳಿ ಎಲ್ಲಿ ಹುಟ್ಟುತ್ತಿದೆ ಅಂತ ನೋಡಲು ಹುಡುಗಿ ಒಬ್ಬಳೇ ಹೊರಡುತ್ತಾಳೆ. ಶುರುವಾದ ಸ್ವಲ್ಪ ಹೊತ್ತಿಗೇ ಹಿಮಕರಡಿ ಅಟ್ಟಿಸಿಕೊಂಡು ಬರುತ್ತದೆ. ಎಲ್ಲಿಂದಲೋ ಒಂದು ಬಿಳಿ ನರಿ ಬಂದು ಅವಳನ್ನು ಉಳಿಸುತ್ತದೆ. ಅಲ್ಲಿಂದ ಮುಂದೆ ಇಬ್ಬರೂ ಜೊತೆ.

ಆಡುವ ಬಗೆ ಹೊಸದೇನಲ್ಲ. ಎಡದಿಂದ ಬಲಕ್ಕೆ ಓಡಬೇಕು, ಜಿಗಿಯಬೇಕು, ಹತ್ತಬೇಕು. ಟಿವಿಗೆ ಕ್ಯಾಸೆಟ್ ಹಾಕಿ ಮಾರಿಯೋ ಆಡಿದವರಿಗೆ ಕೂಡಲೇ ಕೈಗೆ ಹತ್ತುತ್ತದೆ. ಹೊಸತು ಅಂದರೆ ಗಾಳಿ. ಗಾಳಿ ಇಲ್ಲಿ ಹಿಂದಿನ ಚಿತ್ರ ಅಲ್ಲ, ಅದೇ ಆಟದ ಮೂರನೇ ಪಾತ್ರ. ಎದುರು ಗಾಳಿ ಜೋರಾಗಿ ಬಂದಾಗ ನೂನಾ ಮಂಡಿ ಊರಿ ನೆಲಕ್ಕೆ ಅಂಟಿಕೊಂಡು ಕೂರಬೇಕು, ಇಲ್ಲದಿದ್ದರೆ ಎತ್ತಿ ಎಸೆದುಬಿಡುತ್ತದೆ. ಅದೇ ಗಾಳಿ ಬೆನ್ನ ಹಿಂದಿನಿಂದ ಬಂದರೆ, ಆ ಕ್ಷಣಕ್ಕೆ ಕಾದು ಜಿಗಿದರೆ, ಹಾರಲಾಗದ ಕಂದಕವನ್ನೂ ಹಾರಬಹುದು. ಸ್ವಲ್ಪ ಹೊತ್ತಿನಲ್ಲಿ ನನಗೆ ಗಾಳಿಯ ಸದ್ದಿನಲ್ಲೇ ಅದರ ದಿಕ್ಕು ಗೊತ್ತಾಗತೊಡಗಿತು. ‘ದೊಡ್ಡಮ್ಮ ಬಗ್ಗು, ಬಗ್ಗು, ಗಾಳಿ ಬಂತು!’ ಅಂತ ಪಕ್ಕದಲ್ಲಿ ಹುಡುಗ ಕಿರುಚುತ್ತಿದ್ದ.

ಇಲ್ಲಿ ಒಂದು ಮಾತು. ಹಿಮದ ಊರಿನ ಬದುಕಿನ ಬಗ್ಗೆ ಸಾಕ್ಷ್ಯಚಿತ್ರ ನೋಡಿದ್ದೇನೆ, ಮಕ್ಕಳಿಗೆ ಭೂಗೋಳದಲ್ಲಿ ಟಂಡ್ರಾ ಪಾಠವನ್ನೂ ಮಾಡಿದ್ದೇನೆ. ಗಾಳಿ ಶತ್ರುವೂ ಹೌದು, ನೆಂಟನೂ ಹೌದು ಅನ್ನುವುದು ಅಲ್ಲಿ ಬರುವ ಒಂದು ವಾಕ್ಯ. ಇಲ್ಲಿ ಅದು ನನ್ನ ಹೆಬ್ಬೆರಳಿಗೆ ಬಂತು. ಕಾಯಬೇಕು, ಬಗ್ಗಬೇಕು, ಸರಿಯಾದ ಹೊತ್ತಿಗೆ ಏಳಬೇಕು. ಓದುವುದರಲ್ಲಿ, ನೋಡುವುದರಲ್ಲಿ ಸಿಗದೆ ಗೇಮ್‌ನಲ್ಲಿ ಮಾತ್ರ ಸಿಗುವುದು ಇದು. ಕಥೆಯ ನಡುವೆ ನೀವೇ ಏನಾದರೂ ಮಾಡಬೇಕು, ಮಾಡದಿದ್ದರೆ ಕಥೆ ಮುಂದೆ ಹೋಗುವುದಿಲ್ಲ.

ನರಿ ಮತ್ತು ಹುಡುಗಿಯ ನಡುವೆ ಕೆಲಸ ಹಂಚಿರುವ ರೀತಿ ನನಗೆ ತುಂಬಾ ಇಷ್ಟವಾಯಿತು. ನರಿ ಚಿಕ್ಕ ಸಂದಿಯಲ್ಲಿ ನುಗ್ಗುತ್ತದೆ, ಎತ್ತರದ ಗೋಡೆ ಕೆರೆದುಕೊಂಡು ಹತ್ತುತ್ತದೆ. ನೂನಾ ಭಾರದ ಸಾಮಾನು ತಳ್ಳುತ್ತಾಳೆ, ಹಗ್ಗ ಹಿಡಿದು ಇಳಿಯುತ್ತಾಳೆ. ಮುಂದೆ ಅವಳಿಗೆ ಬೋಲಾ ಸಿಗುತ್ತದೆ, ಹುರಿಗಳ ತುದಿಗೆ ಭಾರ ಕಟ್ಟಿ ಬೀಸಿ ಎಸೆಯುವ ಬೇಟೆಯ ಸಾಧನ. ಅದರಿಂದ ಮಂಜುಗಡ್ಡೆ ಒಡೆಯಬಹುದು. ಇನ್ನೊಂದು ಮುಖ್ಯ ಸಂಗತಿ, ನರಿ ಹತ್ತಿರ ಇದ್ದಾಗ ಮಾತ್ರ ಸಹಾಯಕ್ಕೆ ಬರುವ ಚೇತನಗಳು ಕಾಣಿಸಿಕೊಳ್ಳುತ್ತವೆ. ಹಕ್ಕಿಯ ರೂಪದಲ್ಲಿ, ಮೀನಿನ ರೂಪದಲ್ಲಿ ಬೆಳಕಿನಂತೆ ಮೂಡಿ, ಕಾಲಿಡಲು ಜಾಗ ಕೊಡುತ್ತವೆ. ನರಿ ದೂರ ಹೋದರೆ ಅವೂ ಮಾಯ. ನರಿ ಆಡುವವನು ಎಲ್ಲಿ ನಿಲ್ಲುತ್ತಾನೆ ಅನ್ನುವುದರ ಮೇಲೆ ನೂನಾಳ ಜೀವ ನಿಂತಿದೆ. ಹದಿಮೂರು ವರ್ಷದ ಹುಡುಗ ಒಬ್ಬ ತನ್ನ ದೊಡ್ಡಮ್ಮನ ನಡಿಗೆಗೆ ತಕ್ಕಂತೆ ನಿಧಾನ ಮಾಡುವುದನ್ನು ಕಲಿತ. ಎರಡು ಕಂಟ್ರೋಲರ್ ಇದ್ದರೆ ಮಾತ್ರ ಈ ಗೇಮ್ ಪೂರ್ತಿ ಸಿಗುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಕಥೆ ಹೇಳುವ ದನಿ. ಆಟದ ಉದ್ದಕ್ಕೂ ಒಬ್ಬ ಹಿರಿಯರು ಇನುಪಿಯಾಕ್ ಭಾಷೆಯಲ್ಲಿ ಕಥೆ ಹೇಳುತ್ತಾರೆ. ದನಿ ಜೇಮ್ಸ್ ನಾಗಿಯಾಕ್ ಅವರದ್ದು. ಇಂಗ್ಲಿಷ್ ಕೆಳಗೆ ಅಕ್ಷರದಲ್ಲಿ ಮಾತ್ರ ಬರುತ್ತದೆ. ಮಾರಾಟದ ದೃಷ್ಟಿಯಿಂದ ನೋಡಿದರೆ ಇಂಗ್ಲಿಷ್ ದನಿ ಹಾಕುವುದು ಸುಲಭವಿತ್ತು. ಮಾತಾಡುವವರು ಕಡಿಮೆಯಾಗುತ್ತಿರುವ ಭಾಷೆ ಅದು. ಆ ಭಾಷೆಯನ್ನೇ ಮುಂದೆ ಇಟ್ಟು, ಜಗತ್ತು ಬೇಕಾದರೆ ಕೆಳಗೆ ಓದಿಕೊಳ್ಳಲಿ ಅಂತ ಬಿಟ್ಟಿದ್ದಾರೆ. ಈ ಧೈರ್ಯಕ್ಕೆ ನನ್ನ ನಮಸ್ಕಾರ. ಗೇಮ್‌ಗೆ ಇನುಪಿಯಾಕ್ ಹೆಸರೂ ಇದೆ: ‘ಕಿಸಿಮಾ ಇಂಗಿಚುಂಗಾ’.

ಕನ್ನಡದಲ್ಲಿ ಅಡಿಬರಹ ಇಲ್ಲ. ‘ಆ ಅಜ್ಜ ಏನ್ ಹೇಳ್ತಾವ್ನೆ, ನಂಗೂ ಹೇಳವ್ವ’ ಅಂತ ಅವ್ವ ಕೇಳಿದಳು. ಹಾಗಾಗಿ ನಾನು ಇಂಗ್ಲಿಷಿನಲ್ಲಿ ಓದಿ, ನಮ್ಮ ಕೊಳ್ಳೇಗಾಲದ ಕಡೆಯ ಮಾತಿನಲ್ಲಿ ಹೇಳುತ್ತಾ ಹೋದೆ. ನಾಗಿಯಾಕ್ ಅವರ ದನಿಯಲ್ಲಿ ಅವಸರ ಇಲ್ಲ. ಒಂದು ಮಾತು ಹೇಳಿ ಸುಮ್ಮನಾಗುತ್ತಾರೆ, ಆಮೇಲೆ ಇನ್ನೊಂದು. ಆ ನಡುವಿನ ಹೊತ್ತು ನನಗೆ ಕನ್ನಡದಲ್ಲಿ ಹೇಳಿ ಮುಗಿಸಲು ಸಾಕಾಗುತ್ತಿತ್ತು. ಅವ್ವ ‘ಹೂಂ’ ಅನ್ನುತ್ತಿದ್ದಳು. ಹೂಂಗುಟ್ಟುವವರು ಇದ್ದರೆ ಕಥೆ ಹೇಳುವವರಿಗೆ ಎಂಥ ಬಲ ಬರುತ್ತದೆ ಅಂತ ಕಥೆ ಹೇಳಿದವರಿಗೆ ಗೊತ್ತು.

ಅಧ್ಯಾಯಗಳ ನಡುವೆ ಬರುವ ಚಿತ್ರಗಳ ಬಗ್ಗೆಯೂ ಹೇಳಬೇಕು. ದಂತದ ಮೇಲೆ, ಮೂಳೆಯ ಮೇಲೆ ಗೆರೆ ಕೊರೆದು ಅದಕ್ಕೆ ಬಣ್ಣ ತುಂಬುವ ಕೆಲಸ ಅಲಾಸ್ಕಾದಲ್ಲಿ ಇದೆ. ಆ ಶೈಲಿಯಲ್ಲೇ ಈ ಚಿತ್ರಗಳು ಚಲಿಸುತ್ತವೆ. ಗೆರೆಗಳು ಕಡಿಮೆ, ಆದರೆ ಮನುಷ್ಯರು, ತಿಮಿಂಗಿಲ, ಬೆಂಕಿ ಎಲ್ಲ ಸ್ಪಷ್ಟ. ಲಕ್ಷಾಂತರ ಖರ್ಚಿನ ಗ್ರಾಫಿಕ್ಸ್‌ಗಿಂತ ಇದೇ ನೆನಪಿನಲ್ಲಿ ಉಳಿಯುತ್ತದೆ.

ಈಗ ನನಗೆ ಅತಿ ಮುಖ್ಯ ಅನ್ನಿಸುವ ಭಾಗ: ಈ ಗೇಮ್ ಹುಟ್ಟಿದ್ದು ಹೇಗೆ.

ಆಂಕರೇಜ್ ನಗರದಲ್ಲಿ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಅನ್ನುವ ಸಂಸ್ಥೆ ಇದೆ. ಅಲಾಸ್ಕಾದ ಮೂಲನಿವಾಸಿಗಳ ಓದು, ಉದ್ಯೋಗ, ಕುಟುಂಬದ ಕಷ್ಟಸುಖ ನೋಡಿಕೊಳ್ಳುವ ಸಂಸ್ಥೆ. ಇಂಥ ಸಂಸ್ಥೆಗಳ ಪಾಡು ಎಲ್ಲ ಕಡೆ ಒಂದೇ, ಅನುದಾನ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅದರ ಮುಖ್ಯಸ್ಥೆ ಗ್ಲೋರಿಯಾ ಓನೀಲ್ ಮತ್ತು ಅವರ ಮಂಡಳಿ, ತಮ್ಮದೇ ಆದಾಯ ಬೇಕು ಅಂತ ದಾರಿ ಹುಡುಕಿದರು. ಬೇರೆ ಬೇರೆ ವ್ಯಾಪಾರಗಳನ್ನು ಯೋಚಿಸಿ ಕೊನೆಗೆ ಹಣ ಹಾಕಿದ್ದು ವಿಡಿಯೋ ಗೇಮ್‌ಗೆ. ಗೇಮ್ ಆದರೆ ದುಡ್ಡೂ ಬರಬಹುದು, ತಮ್ಮ ಕಥೆ ತಮ್ಮ ಮಕ್ಕಳಿಗೂ ಮುಟ್ಟಬಹುದು, ಹೊರಗಿನ ಜಗತ್ತಿಗೂ ಹೋಗಬಹುದು. ಶೈಕ್ಷಣಿಕ ಗೇಮ್‌ಗಳ ಅನುಭವ ಇದ್ದ ಈ-ಲೈನ್ ಮೀಡಿಯಾ ಜೊತೆ ಸೇರಿ, ಅಪ್ಪರ್ ಒನ್ ಗೇಮ್ಸ್ ಅನ್ನುವ ಸ್ವಂತ ಕಂಪನಿ ಮಾಡಿದರು. ಅಂದರೆ ಮಾಲೀಕತ್ವವೇ ಅವರದ್ದು. ಹೊರಗಿನ ಕಂಪನಿಯೊಂದು ಬಂದು ‘ನಿಮ್ಮ ಕಥೆ ಕೊಡಿ, ಸಲಹೆಗಾರರು ಅಂತ ಹೆಸರು ಹಾಕುತ್ತೇವೆ’ ಅನ್ನುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ?

ಆಟದ ಬೆನ್ನೆಲುಬಾದ ಕಥೆ ‘ಕುನೂಕ್ಸಾಯುಕಾ’. ರಾಬರ್ಟ್ ನಾಸ್ರುಕ್ ಕ್ಲೀವ್‌ಲ್ಯಾಂಡ್ ಅನ್ನುವ ಹೆಸರಾಂತ ಕಥೆಗಾರರು ಹೇಳುತ್ತಿದ್ದದ್ದು. ಅವರು ಈಗ ಇಲ್ಲ. ಗೇಮ್ ಮಾಡುವವರು ಅವರ ಮಗಳು ಮಿನ್ನಿ ಗ್ರೇ ಅವರನ್ನು ಹುಡುಕಿಕೊಂಡು ಹೋಗಿ ಒಪ್ಪಿಗೆ ಕೇಳಿದರು. ಆ ಹಿರಿಯಾಕೆ ಒಪ್ಪಿದರು. ಮೂಲ ಕಥೆಯಲ್ಲಿ ಹೊರಡುವವನು ಹುಡುಗ. ಗೇಮ್‌ನಲ್ಲಿ ಹುಡುಗಿ. ಇಂಥ ಬದಲಾವಣೆಗಳೂ ಸಮುದಾಯದ ಮಾತುಕತೆಯಲ್ಲೇ ಆದವು. ಕಥೆಗೆ ಬರವಣಿಗೆ ಮಾಡಿದ ಇಷ್ಮಾಯೆಲ್ ಹೋಪ್ ಅವರೇ ಇನುಪಿಯಾಟ್ ಮತ್ತು ಅಲಾಸ್ಕಾದ ಇನ್ನೊಂದು ಮೂಲನಿವಾಸಿ ಸಮುದಾಯವಾದ ಟ್ಲಿಂಗಿಟ್ ಮೂಲದ ಕವಿ, ಕಥೆಗಾರ. ಒಟ್ಟು ಸುಮಾರು 40 ಮಂದಿ ಹಿರಿಯರು, ಕಥೆಗಾರರು, ಊರಿನವರು ಇದರಲ್ಲಿ ಕೈಜೋಡಿಸಿದ್ದಾರೆ. ಗೇಮ್ ತಂಡದವರು ಉತ್ತರದ ತುದಿಯ ಬ್ಯಾರೋ ಊರಿಗೆ ಹೋಗಿ ಜನರ ಜೊತೆ ಕೂತು ಮಾತಾಡಿದ್ದಾರೆ. ಆ ಊರಿಗೆ ಈಗ ಉತ್ಕಿಯಾಗ್ವಿಕ್ ಅನ್ನುವ ಅದರ ಹಳೆಯ ಹೆಸರೇ ಮರಳಿ ಬಂದಿದೆ.

ಇದೆಲ್ಲ ತೆರೆಯ ಹಿಂದಿನ ವಿಷಯ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇದು ಆಟದ ಒಳಗೇ ಕಾಣಿಸುತ್ತದೆ. ಕಥೆ ಶುರುವಾಗುವುದೇ ಹೇಳುವವರು ತಾವು ಚಿಕ್ಕವರಿದ್ದಾಗ ಇದನ್ನು ನಾಸ್ರುಕ್ ಅವರಿಂದ ಕೇಳಿದ್ದು ಅನ್ನುವ ಮಾತಿನಿಂದ. ಯಾರಿಂದ ಬಂತು ಅಂತ ಹೇಳಿಯೇ ಕಥೆಗೆ ಕೈ ಹಾಕುವುದು. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅವ್ವ ನೆಟ್ಟಗೆ ಕೂತಳು. ನಮ್ಮ ಕಡೆ ಕಂಸಾಳೆಯವರು ಮಾದಪ್ಪನ ಕಥೆ ಮಾಡುವಾಗ ಗುರುವಿಗೆ, ದೈವಕ್ಕೆ ಕೈಮುಗಿದು ಶುರುಮಾಡುವುದನ್ನು ನೋಡಿ ಬೆಳೆದವಳು ಅವಳು. ‘ಇವರೂ ನಮ್ಮಂಗೇ ಕನ’ ಅಂದಳು. ಸುಮಾರು ಹತ್ತು ಸಾವಿರ ಕಿಲೋಮೀಟರ್ ಆಚೆಯ ಮಂಜಿನ ಊರಿನವರ ಬಗ್ಗೆ ಅವ್ವ ಹೇಳಿದ ಆ ಮಾತನ್ನು ಯಾವ ಪಾಠಪುಸ್ತಕವೂ ಹೇಳಿಸುತ್ತಿರಲಿಲ್ಲ.

ಆಟದ ನಡುವೆ ಅಲ್ಲಲ್ಲಿ ಗೂಬೆಗಳು ಕೂತಿರುತ್ತವೆ. ಗೂಬೆಯ ಹತ್ತಿರ ಹೋದರೆ ಒಂದು ಕಿರು ವಿಡಿಯೋ ತೆರೆದುಕೊಳ್ಳುತ್ತದೆ. ಒಟ್ಟು 24 ಇವೆ, ಒಂದೊಂದೂ ಒಂದೆರಡು ನಿಮಿಷದ್ದು. ಆ ಜನರೇ ಕ್ಯಾಮೆರಾ ಮುಂದೆ ಕೂತು ತಮ್ಮ ಬದುಕಿನ ಬಗ್ಗೆ ಮಾತಾಡುತ್ತಾರೆ. ನಗಾರಿಯ ಬಗ್ಗೆ, ಬೋಲಾ ಬಗ್ಗೆ, ಬೇಟೆಯಾಡಿದ್ದನ್ನು ಊರಿಗೆಲ್ಲ ಹಂಚುವ ಬಗ್ಗೆ, ಹವೆ ಮತ್ತು ಆಕಾಶಕ್ಕೂ ಜೀವ ಇದೆ ಅನ್ನುವ ನಂಬಿಕೆಯ ಬಗ್ಗೆ. ಆಟದಲ್ಲಿ ಉತ್ತರದ ಬೆಳಕುಗಳು (ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ಹಸಿರು ಮನುಷ್ಯರಂತೆ ಆಕಾಶದಿಂದ ಇಳಿದು ನೂನಾಳನ್ನು ಎಳೆದುಕೊಳ್ಳಲು ಬರುತ್ತವೆ. ಮೊದಲ ಸಲ ನೋಡಿದಾಗ ಹುಡುಗನಿಗೆ ಅದು ಬರೀ ವಿಚಿತ್ರ ವಿಲನ್. ಆಮೇಲೆ ವಿಡಿಯೋದಲ್ಲಿ ವಿಷಯ ತಿಳಿಯಿತು: ಟೋಪಿ ಹಾಕದೆ ಹೊರಗೆ ಹೋದರೆ ಆ ಬೆಳಕುಗಳು ಇಳಿದು ಬಂದು ನಿನ್ನ ತಲೆ ಕತ್ತರಿಸಿ ಚೆಂಡಾಡುತ್ತವೆ ಅಂತ ಅಲ್ಲಿ ಮಕ್ಕಳಿಗೆ ಹೇಳುತ್ತಿದ್ದರು. ಆ ಚಳಿಯಲ್ಲಿ ಟೋಪಿ ಇಲ್ಲದೆ ಓಡಾಡುವುದು ಜೀವಕ್ಕೇ ಅಪಾಯ. ಹೇಳುವವರು ನಗುತ್ತಲೇ ಹೇಳುತ್ತಾರೆ, ಆದರೆ ಚಿಕ್ಕಂದಿನ ಹೆದರಿಕೆ ಮುಖದಲ್ಲಿ ಇನ್ನೂ ಇರುತ್ತದೆ. ಮತ್ತೆ ಆಟಕ್ಕೆ ಮರಳಿದಾಗ ಆ ಹಸಿರು ಆಕಾರಗಳು ಬೇರೆಯೇ ಆಗಿ ಕಂಡವು. ಹುಡುಗ ತಲೆ ಮುಟ್ಟಿಕೊಂಡ.

ಈ ವಿಡಿಯೋಗಳ ಬಗ್ಗೆ ದೂರು ಹೇಳುವವರು ಇದ್ದಾರೆ. ಆಟದ ಓಟ ನಿಲ್ಲುತ್ತದೆ, ಪಾಠ ಕೇಳಿದಂತಾಗುತ್ತದೆ ಅಂತ. ನಿಲ್ಲುವುದು ನಿಜ. ಕರಡಿ ಬೆನ್ನಟ್ಟುವಾಗ ‘ಹೊಸ ವಿಡಿಯೋ ತೆರೆದಿದೆ’ ಅಂತ ತೋರಿಸಿದರೆ ಯಾರು ನೋಡುತ್ತಾರೆ? ನನ್ನ ಸಲಹೆ, ಆಡುವಾಗ ಬಿಟ್ಟುಬಿಡಿ. ಒಂದು ಅಧ್ಯಾಯ ಮುಗಿದ ಮೇಲೆ ಮೆನುಗೆ ಹೋಗಿ ಅಲ್ಲಿಯವರೆಗೆ ಸಿಕ್ಕಿದ್ದನ್ನು ಒಟ್ಟಿಗೆ ನೋಡಿ, ಕಾಫಿ ಕುಡಿಯುತ್ತಾ. ನಾವು ಹಾಗೇ ಮಾಡಿದೆವು. ಎಲ್ಲ ಗೂಬೆಗಳೂ ದಾರಿಯಲ್ಲೇ ಸಿಗುವುದಿಲ್ಲ, ಕೆಲವಕ್ಕೆ ಪಕ್ಕಕ್ಕೆ ಹೋಗಿ ಹುಡುಕಬೇಕು. ಒಂದೂ ಬಿಡಬೇಡಿ. ಈ ವಿಡಿಯೋಗಳು ಇಲ್ಲದಿದ್ದರೆ ‘ನೆವರ್ ಅಲೋನ್’ ಚೆಂದದ ಒಂದು ಜಿಗಿದಾಟ ಆಗಿ ಉಳಿಯುತ್ತಿತ್ತು, ಅಷ್ಟೇ.

ದೋಷಗಳಿಗೆ ಬರೋಣ. ಒಬ್ಬರೇ ಆಡುವಾಗ ಒಂದು ಬಟನ್ ಒತ್ತಿ ಹುಡುಗಿಯಿಂದ ನರಿಗೆ, ನರಿಯಿಂದ ಹುಡುಗಿಗೆ ಬದಲಾಗುತ್ತಿರಬೇಕು. ನಾವು ಆಡಿಸದ ಪಾತ್ರವನ್ನು ಕಂಪ್ಯೂಟರ್ ನಡೆಸುತ್ತದೆ, ಮತ್ತು ಕೆಟ್ಟದಾಗಿ ನಡೆಸುತ್ತದೆ. ನೀವು ಸರಿಯಾಗಿ ಜಿಗಿದಿರುತ್ತೀರಿ, ನರಿ ಹಿಂದೆ ಮಂಜಿನ ಅಂಚಿನಲ್ಲಿ ನಿಂತುಬಿಡುತ್ತದೆ, ಇಲ್ಲವೇ ನೀರಿಗೆ ಬೀಳುತ್ತದೆ. ಒಬ್ಬರು ಸತ್ತರೆ ಇಬ್ಬರೂ ಹಿಂದಕ್ಕೆ. ಕಥೆಯ ಪ್ರಕಾರ ಅದು ಸರಿಯೇ. ಆದರೆ ಕಂಪ್ಯೂಟರ್ ಮಾಡಿದ ತಪ್ಪಿಗೆ ಹಿಂದೆ ಹೋಗಬೇಕಾದಾಗ ಬೇಜಾರಾಗುತ್ತದೆ. ಬೋಲಾ ಎಸೆಯುವುದಂತೂ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಗುರಿಯ ವಿರುದ್ಧ ದಿಕ್ಕಿಗೆ ಕಂಟ್ರೋಲರ್‌ನ ಕಡ್ಡಿ ಎಳೆದು ಮುಂದಕ್ಕೆ ಬಿಡಬೇಕು, ಅವಸರದಲ್ಲಿ ಅದು ಎಲ್ಲೆಲ್ಲಿಗೋ ಹೋಗುತ್ತದೆ. ನಡುವೆ ಬೆಂಕಿಯುಂಡೆ ಎಸೆಯುತ್ತಾ ಬರುವ ಭಯಂಕರ ಮನುಷ್ಯನೊಬ್ಬ ಇದ್ದಾನೆ, ನೂನಾಳ ಊರನ್ನು ಸುಟ್ಟವನು. ಅವನಿಂದ ತಪ್ಪಿಸಿಕೊಳ್ಳುವ ಜಾಗದಲ್ಲಿ ಮತ್ತೆ ಮತ್ತೆ ಸತ್ತು, ಹುಡುಗ ಕಂಟ್ರೋಲರ್ ಪಕ್ಕಕ್ಕಿಟ್ಟು ಎದ್ದು ಹೋಗಿದ್ದೂ ಆಯಿತು. ಗಾಳಿಯ ಭಾಗದಲ್ಲಿ ತಪ್ಪಿದರೆ ನನ್ನದೇ ತಪ್ಪು ಅಂತ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ, ಏನು ತಪ್ಪಾಯಿತು ಅಂತಲೇ ತಿಳಿಯುವುದಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದ ಗೇಮ್ ಅಂತ ಇದನ್ನೆಲ್ಲ ಮನ್ನಿಸಬೇಕಾಗಿಲ್ಲ. ಕಥೆಗೆ ಕೊಟ್ಟಷ್ಟೇ ಗಮನವನ್ನು ನರಿಯ ನಡಿಗೆಗೂ ಕೊಡಬೇಕಿತ್ತು.

ನಡುವೆ ನರಿಯ ವಿಷಯದಲ್ಲಿ ಒಂದು ಘಟನೆ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಆ ಜಾಗಕ್ಕೆ ಬಂದಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಚಿಕ್ಕ ಮಕ್ಕಳ ಜೊತೆ ಆಡುವವರು ಪಕ್ಕದಲ್ಲೇ ಇರಿ ಅಂತ ಮಾತ್ರ ಹೇಳುತ್ತೇನೆ.

ಕೊನೆಯಲ್ಲಿ ಗಾಳಿಯ ಮೂಲ ಸಿಗುತ್ತದೆ. ಕೈಯಲ್ಲಿ ಬಾಚಿ ಹಿಡಿದ ದೈತ್ಯನೊಬ್ಬ ಹಿಮ ಕಡಿಯುತ್ತಿರುತ್ತಾನೆ. ಬಡಗಿ ಬಾಚಿಯಿಂದ ಮರ ಕೆತ್ತುವಾಗ ಚಕ್ಕೆ ಹಾರುವ ಹಾಗೆ ಹಿಮ ಹಾರಿ ಬರುತ್ತಿದೆ, ಅದೇ ಊರಿನ ಮೇಲೆ ಹಿಮಗಾಳಿಯಾಗಿ ಬೀಳುತ್ತಿದೆ. ಅವನಿಗೆ ಕೆಳಗೆ ಒಂದು ಊರು ಇದೆ ಅನ್ನುವುದರ ಅರಿವಿದ್ದಂತೆಯೂ ಕಾಣುವುದಿಲ್ಲ. ಬಿರುಗಾಳಿಗೆ ಇಂಥ ಕಾರಣ ಕೊಟ್ಟ ಜನರ ಕಲ್ಪನೆ ಎಷ್ಟು ದೊಡ್ಡದು! ಅಲ್ಲಿ ನೂನಾ ಮಾಡುವ ಕೆಲಸವೂ ವಿಡಿಯೋ ಗೇಮ್‌ಗಳ ಅಭ್ಯಾಸಕ್ಕೆ ವಿರುದ್ಧವಾದದ್ದು. ಕೊನೆಯ ಹಂತ ಅಂದರೆ ಕೊಲ್ಲುವುದು ಅಂತ ಕಾದಿದ್ದ ಹುಡುಗ ‘ಇಷ್ಟೇನಾ?’ ಅಂದ. ಆಮೇಲೆ ಊಟ ಮಾಡುವಾಗ ಅದರ ಬಗ್ಗೆಯೇ ಮಾತಾಡುತ್ತಿದ್ದ.

2015ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಹೊಸ ತಂಡಗಳ ಮೊದಲ ಗೇಮ್‌ಗೆ ಕೊಡುವ ಪ್ರಶಸ್ತಿಯನ್ನು ಇದಕ್ಕೆ ಕೊಟ್ಟಿತು. ಅದೇ ಪ್ರಶಸ್ತಿ 2024ರಲ್ಲಿ ಬಂದದ್ದು ‘ವೆಂಬಾ’ಗೆ, ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ಅಡುಗೆಮನೆಯ ಕಥೆ. ಇಡ್ಲಿ ಬೇಯಿಸುವುದೇ ಅದರಲ್ಲಿ ಮೊದಲ ಒಗಟು. ಪುಣೆಯ ತಂಡವೊಂದು 2020ರಲ್ಲಿ ತಂದ ‘ರಾಜಿ’ ನೋಡಲು ಬಹಳ ಚೆಂದ, ಆದರೆ ಅದರಲ್ಲಿ ಹೊಡೆದಾಟವೇ ಜಾಸ್ತಿ. ಈ ಮೂರರಲ್ಲೂ ಒಂದು ವಿಷಯ ಸಮಾನ. ತಮ್ಮ ಮನೆಯ, ತಮ್ಮ ನೆಲದ ಕಥೆಯನ್ನು ಯಾರದೋ ಅನುಕೂಲಕ್ಕೆ ತಿರುಚದೆ ಹೇಳಿದ್ದಾರೆ. ಜಗತ್ತು ಬಂದು ಆಡಿದೆ.

ಹೀಗಿರುವಾಗ ನನ್ನ ಆಸೆ ಎಲ್ಲಿಗೆ ಹೋಗುತ್ತದೆ ಅಂತ ಊಹಿಸಬಹುದು. ಹುಲಿ ಏರಿ ಏಳುಮಲೆ ತಿರುಗುವ ಮಾದಪ್ಪನ ಕಥೆ ನಮ್ಮಲ್ಲಿದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯ ಇದೆ. ಮಾದಪ್ಪನ ಕಥೆಯಲ್ಲಿ ಸಂಕಮ್ಮನ ಸಾಲು ಬಂದರೆ ಅವ್ವ ಇವತ್ತಿಗೂ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾಳೆ. ಇವನ್ನು ಯಾರಾದರೂ ಗೇಮ್ ಮಾಡುತ್ತಾರೆ ಅಂದರೆ ನನಗೆ ಸಂತೋಷ. ಆದರೆ ಆಂಕರೇಜ್‌ನವರು ಮಾಡಿದ ಹಾಗೆ ಮಾಡಬೇಕು. ಹಾಡುವವರ ಮನೆ ಬಾಗಿಲಿಗೆ ಹೋಗಿ ಕೇಳಬೇಕು. ದನಿ ಅವರದ್ದೇ ಇರಬೇಕು, ಅವರ ಮಾತಿನಲ್ಲೇ ಇರಬೇಕು, ಬೆಂಗಳೂರಿನ ಸ್ಟುಡಿಯೋ ಕನ್ನಡಕ್ಕೆ ತಿದ್ದಬಾರದು. ಹೆಸರು ಮುಂದೆ ಬರಬೇಕು. ಬಂದ ದುಡ್ಡಿನಲ್ಲಿ ಪಾಲು ಇರಬೇಕು. ಬೆಂಗಳೂರಿನಲ್ಲಿ ಗೇಮ್ ಮಾಡುವ ಕೈಗಳಿಗೆ ಕೊರತೆ ಇಲ್ಲ. ಕೊಳ್ಳೇಗಾಲ, ಹನೂರು, ಮಳವಳ್ಳಿಯ ಕಡೆ ಹಾಡುವ ಕಂಠಗಳೂ ಇನ್ನೂ ಇವೆ. ಇವರಿಬ್ಬರೂ ಒಂದೇ ಜಗಲಿಯ ಮೇಲೆ ಕೂರಬೇಕು.

ನನ್ನ ಕ್ಲಾಸಿನಲ್ಲಿ ಈ ಗೇಮ್‌ನ ಕಥೆಯನ್ನು ಹೇಳಿದ್ದೇನೆ. ನಿಮ್ಮ ಅಜ್ಜಿ ತಾತ ಹೇಳಿದ ಒಂದು ಕಥೆಯನ್ನು ಗೇಮ್ ಮಾಡುವುದಾದರೆ ಆಡುವವನು ಏನು ಮಾಡಬೇಕು ಅಂತ ಬರೆದುಕೊಂಡು ಬನ್ನಿ, ಕಥೆ ಯಾರು ಹೇಳಿದ್ದು ಅಂತಲೂ ಮೇಲೆ ಬರೆಯಿರಿ ಅಂದೆ. ಗನ್ ಬಗ್ಗೆ ಮಾತ್ರ ಮಾತಾಡುತ್ತಿದ್ದ ಒಬ್ಬ ಹುಡುಗ ಕಪಿಲಾ ನದಿಯಲ್ಲಿ ಪ್ರವಾಹ ಬಂದಾಗ ತನ್ನ ತಾತ ಎಮ್ಮೆಯ ಬಾಲ ಹಿಡಿದು ದಡ ಸೇರಿದ್ದನ್ನು ಬರೆದು ತಂದ. ನೀರಿನ ಸೆಳೆತ ಯಾವಾಗ ಕಡಿಮೆಯಾಗುತ್ತದೆ ಅಂತ ನೋಡಿಕೊಂಡು ಕಾಲು ಬಡಿಯಬೇಕು, ಅದೇ ಆಟ ಅಂತೆ. ತಾತನ ಹೆಸರು ದೊಡ್ಡ ಅಕ್ಷರದಲ್ಲಿ ಬರೆದಿದ್ದ.

ಕೊಳ್ಳುವವರಿಗೆ ನಾಲ್ಕು ಮಾತು. ಕಂಪ್ಯೂಟರ್‌ಗೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸಿಗುತ್ತದೆ, ರಿಯಾಯಿತಿ ಬಂದಾಗ ಬೆಲೆ ಚೆನ್ನಾಗಿ ಇಳಿಯುತ್ತದೆ, ಕಾದು ಕೊಳ್ಳಿ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್‌ಗೂ ಬಂದಿದೆ. ಫೋನಿಗೂ ಒಂದು ಆವೃತ್ತಿ ಬಂದಿತ್ತು, ಆದರೆ ಗಾಳಿಗೆ ತಕ್ಕಂತೆ ಜಿಗಿಯುವುದಕ್ಕೆ ಕೈಗೆ ಸಿಗುವ ಬಟನ್ ಬೇಕು, ಗಾಜಿನ ಮೇಲೆ ಬೆರಳಾಡಿಸಿ ಆಡುವ ಗೇಮ್ ಇದಲ್ಲ. ಕೀಬೋರ್ಡಿನಲ್ಲಿ ಆಡಬಹುದು, ಆದರೂ ಕಂಟ್ರೋಲರ್ ಇದ್ದರೆ ಒಳ್ಳೆಯದು, ಎರಡಿದ್ದರೆ ಇನ್ನೂ ಒಳ್ಳೆಯದು. ‘ಫಾಕ್ಸ್‌ಟೇಲ್ಸ್’ ಅನ್ನುವ ಚಿಕ್ಕ ಮುಂದುವರಿಕೆ 2015ರಲ್ಲಿ ಬಂತು. ಅದರಲ್ಲಿ ದೋಣಿ, ನೀರು ಇವೆ, ಇನ್ನೊಂದಿಷ್ಟು ವಿಡಿಯೋಗಳೂ ಇವೆ. ಎರಡೂ ಸೇರಿ ‘ಆರ್ಕ್ಟಿಕ್ ಕಲೆಕ್ಷನ್’ ಅನ್ನುವ ಹೆಸರಿನಲ್ಲಿ ಸಿಗುತ್ತದೆ, ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಮೊದಲು ಮೂಲ ಆಟ ಮುಗಿಸಿ, ಆಮೇಲೆ ಫಾಕ್ಸ್‌ಟೇಲ್ಸ್. ಮನೆಯಲ್ಲಿ ಇಂಗ್ಲಿಷ್ ಓದಲು ಬಾರದ ಹಿರಿಯರು ಇದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ, ಓದಿ ಹೇಳಲು ಒಬ್ಬರು ಇದ್ದರೆ ಸಾಕು.